ಎರವಲು ಟೈರು

ಟೈರಿನ ಬದಿಯ ರಬ್ಬರಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಕಚ್ಚು ಇತ್ತು. ತಪಾಸಣೆ ಮಾಡುತ್ತಿದ್ದ ಅವಳ ಬೆರಳು ಅದರ ಮೇಲೆ ನಿಂತಿತು.

ಈ ಕಚ್ಚನ್ನು ಅವಳು ಬಲ್ಲಳು. ಹೋದ ವಾರ ಕೆಂಪು ಬೈಕೊಂದರಲ್ಲಿ ನೋಡಿದ್ದಳು. ಅದಕ್ಕೂ ಮೊದಲು ಪೇಪರ್ ಹಾಕುವವನ ಹಳೆಯ ಗಾಡಿಯಲ್ಲಿ. ಇಂದು ಅದೇ ಟೈರು ಈ ಕಪ್ಪು ಬೈಕಿನ ಹಿಂದಿನ ಚಕ್ರದಲ್ಲಿ ಏನೂ ಅರಿಯದಂತೆ ಕೂತಿತ್ತು.

ಬೈಕು ತಂದವನು ರಸ್ತೆಯಾಚೆಯ ಗ್ಯಾರೇಜಿನವನು. ತಪಾಸಣೆ ಶೆಡ್ಡಿನ ಕಂಬಕ್ಕೆ ಒರಗಿ, ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಮಾತ್ರ ಅವನ ಕಣ್ಣು ಛಾವಣಿಗೆ ಹಾರುತ್ತಿತ್ತು.

ಶನಿವಾರ ಅವನು ಕೇಳಿದ್ದ: "ಮೇಡಂ, ನನ್ನ ಜೊತೆ ಬಾಳ್ತೀರಾ?" ಸೋಮವಾರ ಹೇಳುತ್ತೇನೆ ಎಂದಿದ್ದಳು. ಇಂದು ಸೋಮವಾರ.

ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. "ಹೂಂ ಅಂದುಬಿಡಮ್ಮ. ಹೋದವನು ನನ್ನ ಮಗ. ಅವನ ಜೊತೆ ನೀನೂ ಹೋದ ಹಾಗೆ ಓಡಾಡ್ತಿದ್ದರೆ ನಾನು ಎಷ್ಟು ಜನಕ್ಕೆ ಅಂತ ಅಳಲಿ?"

ಅವಳು ಹೂಂ ಎನ್ನಬೇಕೆಂದೇ ಬಂದಿದ್ದಳು.

ವರ್ಷವಿಡೀ ಅವಳಿಗೂ ಗ್ಯಾರೇಜಿನವನಿಗೂ ನಡೆದದ್ದು ಒಂದೇ ಜಗಳ. ವರ್ಷಕ್ಕೊಮ್ಮೆ ಪ್ರತಿ ಬೈಕೂ ತಪಾಸಣೆಗೆ ಬರಲೇಬೇಕು ಎನ್ನುವುದು ಆ ಸೀಮೆಯ ಕಾನೂನು. ಅವನಿಗೆ ಅದು ಕಂಡರಾಗದು. "ನನ್ನ ಗಾಡಿ, ನನ್ನ ಜೀವ. ನಾಳೆ ನನ್ನ ಚಪ್ಪಲಿ ಸವೆದಿದ್ಯಾ ಅಂತಲೂ ಸರ್ಕಾರ ನೋಡ್ತದಾ?" ಎನ್ನುತ್ತಿದ್ದ. "ಎತ್ತಿ ತೋರಿಸಿ, ನೋಡೋಣ," ಎನ್ನುತ್ತಿದ್ದಳು ಅವಳು. ಅವನು ನಿಜಕ್ಕೂ ಕಾಲೆತ್ತಿದ ದಿನ, ಬಹಳ ಕಾಲದ ಮೇಲೆ, ಅವಳ ತುಟಿ ತಾನಾಗಿ ನಗುವಿಗೆ ಸಡಿಲವಾಗಿತ್ತು. ತನ್ನ ಸ್ವಂತ ಬೈಕನ್ನು ಮಾತ್ರ ಅವನು ಒಮ್ಮೆಯೂ ಶೆಡ್ಡಿಗೆ ತಂದಿರಲಿಲ್ಲ.

ಅವಳು ಎದ್ದು ನಿಂತಳು. "ಈ ಟೈರು ಯಾರದ್ದು?"

"ಗಾಡಿಯವರದ್ದೇ."

"ಇದು ಮೂರನೇ ಗಾಡಿ."

ಅವನ ಮುಖದ ನಗು ಇಳಿಯಿತು. ಸುಳ್ಳು ಹೇಳಲಿಲ್ಲ. "ನನ್ನದು. ತಪಾಸಣೆಗೆ ಅಂತಲೇ ಇಟ್ಟಿರೋ ಒಳ್ಳೆ ಟೈರು. ಇಲ್ಲಿ ಪಾಸಾದ ಮೇಲೆ ಬಿಚ್ಚಿಕೊಳ್ತೀನಿ. ಅವರೆಲ್ಲ ಬೈಕ್ ಮೇಲೇ ದುಡಿಯೋರು ಮೇಡಂ. ಗಾಡಿ ನಿಂತ್ರೆ ಮನೆ ಒಲೆ ನಿಲ್ತದೆ. ಅದು ನಿಮ್ಮ ಕಾನೂನಿಗೆ ಕಾಣಿಸಲ್ಲ."

"ಒಲೆ ಆರಿದ್ರೆ ಮತ್ತೆ ಹಚ್ಚಬಹುದು."

ಅವಳು ಕೈಯೊರೆಸಿಕೊಳ್ಳುತ್ತಿದ್ದಳು, ಬೆರಳು ಬೆರಳಾಗಿ.

"ನನ್ನ ಗಂಡನ ಬೈಕ್ ಪಾಸಾಗಿತ್ತು," ಎಂದಳು. "ಸ್ಟಿಕ್ಕರ್ ಹೊಳೀತಿತ್ತು. ಒದ್ದೆ ರಸ್ತೆ, ಒಂದು ತಿರುವು. ಆಮೇಲೆ ನೋಡಿದ್ರೆ ಹಿಂದಿನ ಟೈರು ಅಂಗೈ ಹಾಗೆ ನುಣ್ಣಗಿತ್ತು. ಪಾಸಾದ ಟೈರು ಬೇರೆ ಯಾರದ್ದೋ ಗಾಡಿಯಲ್ಲಿತ್ತು."

ಅವನು ಕಂಬ ಬಿಟ್ಟು ನೆಟ್ಟಗೆ ನಿಂತ. "ನನ್ನ ಗ್ಯಾರೇಜಾ?"

"ಅಲ್ಲ. ಬೇರೆ ಊರು."

ಅವನು ಉಸಿರು ಬಿಟ್ಟ. ಬಿಟ್ಟದ್ದಕ್ಕೆ ತಾನೇ ನಾಚಿ ತಲೆ ತಗ್ಗಿಸಿದ.

"ಇದು ಫೇಲ್," ಎಂದಳು. "ಮೇಲಿನವರಿಗೆ ತಿಳಿಸ್ತೀನಿ."

"ಶನಿವಾರದ ನನ್ನ ಮಾತಿಗೆ ಉತ್ತರ?"

ಅವಳು ಮುಂದಿನ ಗಾಡಿಯನ್ನು ಕೈ ಬೀಸಿ ಒಳಗೆ ಕರೆದಳು.

ಸಂಜೆ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. "ಅವತ್ತು ನಮ್ಮ ಗಾಡಿ ಪಾಸಾಗಲಿ ಅಂತ ಟೈರನ್ನ ಎರವಲು ಬೇಡಿದ್ದು ನನ್ನ ಮಗನೇ," ಎಂದರು ಕೊನೆಗೆ. "ಕೊಟ್ಟವನನ್ನ ಶಪಿಸಿ ಶಪಿಸಿ ನನಗೂ ಸಾಕಾಗಿದೆ."

ಮರುದಿನ ಶೆಡ್ಡಿನ ಮುಂದೆ ಕೆಂಪು ಬೈಕು ನಿಂತಿತ್ತು, ತನ್ನದೇ ಬೋಳು ಟೈರಿನ ಮೇಲೆ. ಓನರ್ ಮುಖ ಗಂಟು ಹಾಕಿಕೊಂಡಿದ್ದ. "ಗ್ಯಾರೇಜಣ್ಣ ಮನೆಗೇ ಬಂದು ಎಳ್ಕೊಂಡು ಬಂದ. ಪಾಸಾದ ಗಾಡೀನ ಫೇಲ್ ಮಾಡಿಸೋಕೆ. ತಲೆ ಕೆಟ್ಟಿದೆ ಅವನಿಗೆ." ಆಮೇಲೆ ಪೇಪರ್ ಹಾಕುವವನು ಬಂದ. ಮತ್ತೆ ಅವಳು ಗುರುತಿಸದೆ ಹೋಗಿದ್ದ ಎಷ್ಟೋ ಗಾಡಿಗಳು. ಒಂದೊಂದನ್ನೂ ಅವಳು ಫೇಲ್ ಮಾಡಿ ನಿಲ್ಲಿಸಿದಳು. ನಿಂತ ಗಾಡಿಯವರಿಗೆ ಗ್ಯಾರೇಜಿನವನು ತನ್ನ ಬೈಕನ್ನು ಸರದಿಯಂತೆ ಕೊಟ್ಟು, ತಾನು ನಡೆದಾಡತೊಡಗಿದ. ಅವನ ಗ್ಯಾರೇಜಿಗೆ ನೋಟಿಸು ಬಂತು. ದಾರಿಯಲ್ಲಿ ಎದುರಾದರೂ ಅವನು ಅವಳಿಂದ ಉತ್ತರ ಕೇಳಲಿಲ್ಲ.

ಎಲ್ಲರ ಗಾಡಿಗಳೂ ಹೊಸ ಟೈರು ಕಂಡ ಮೇಲೆ, ಶೆಡ್ಡು ಮುಚ್ಚುವ ಹೊತ್ತಿಗೆ, ಅವನು ತನ್ನ ಬೈಕನ್ನು ತಳ್ಳಿಕೊಂಡು ಬಂದ. ಹ್ಯಾಂಡಲಿಗೆ ಆ ಟೈರು ತೂಗುತ್ತಿತ್ತು. ಕಚ್ಚು ಇದ್ದಲ್ಲೇ ಗರಗಸ ಹಾಕಿ ಎರಡಾಗಿ ಕೊಯ್ದಿದ್ದ.

"ಕಾನೂನು ಸರಿ ಅಂತ ಈಗಲೂ ಒಪ್ಪಲ್ಲ," ಎಂದ. "ನಿಮಗೋಸ್ಕರ ಗಾಡಿ ತಂದಿದ್ದೀನಿ."

"ಯಾರಿಗೋಸ್ಕರ ತಂದ್ರೂ ಟೈರಿಗೆ ಗೊತ್ತಾಗಲ್ಲ. ಸ್ಟ್ಯಾಂಡ್ ಹಾಕಿ."

ಅವಳು ಎಲ್ಲರ ಗಾಡಿಯನ್ನು ನೋಡುವ ಹಾಗೆಯೇ ನೋಡಿದಳು. ಚಕ್ರ ತಿರುಗಿಸಿ ಕಿವಿಗೊಟ್ಟಳು. ಬ್ರೇಕ್ ಒತ್ತಿ ಹಿಂದಕ್ಕೆ ಬಾಗಿದಳು.

"ಬ್ರೇಕ್ ಲೈಟ್ ಹತ್ತಲ್ಲ. ಫೇಲ್."

"ಅಯ್ಯೋ, ಗ್ಯಾರೇಜಿನವನ ಗಾಡಿಯೇ ಫೇಲ್ ಅಂದ್ರೆ ಊರು ನಗ್ತದೆ."

"ನಗಲಿ. ನೀವು ನಿಂತದ್ದು ಹಿಂದೆ ಇರೋರಿಗೆ ಗೊತ್ತಾಗಬೇಕಲ್ಲ?"

"ಇಷ್ಟು ವರ್ಷ ನನ್ನ ಹಿಂದೆ ಯಾರೂ ಇರಲಿಲ್ಲ ಮೇಡಂ."

ಅವನು ಜೇಬಿನಿಂದ ಬಲ್ಬ್ ತೆಗೆದು ಅಲ್ಲೇ ಕೂತು ಹಾಕಿದ. ಅವಳು ಮತ್ತೆ ಬ್ರೇಕ್ ಒತ್ತಿದಳು. ಕೆಂಪು ಬೆಳಕು ಅವನ ಮುಖದ ಮೇಲೆ ಬಿತ್ತು. ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಅವಳು ಬ್ರೇಕ್ ಬಿಡಲಿಲ್ಲ.

ಸ್ಟಿಕ್ಕರ್ ಅಂಟಿಸಿ, ಹೆಬ್ಬೆರಳಿನಿಂದ ಅಂಚು ಒತ್ತಿದಳು. "ಇನ್ನೊಂದು ಹೆಲ್ಮೆಟ್ ಇದೆಯಾ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಇಲ್ಲ," ಎಂದ, ಸಣ್ಣ ದನಿಯಲ್ಲಿ.

"ಹಾಗಾದ್ರೆ ಇವತ್ತು ನಡೆದೇ ಹೋಗೋಣ."

ಅವನು ಬೈಕು ತಳ್ಳಿದ. ಅವಳು ಪಕ್ಕದಲ್ಲಿ ನಡೆದಳು, ಹಿಂದಿನ ಸೀಟಿನ ಮೇಲೆ ಒಂದು ಕೈ ಇಟ್ಟು. ತಿರುವಿನಲ್ಲಿ ಅವಳ ಹೆಜ್ಜೆ ತಡೆಯಿತು. ಅವನೂ ನಿಂತ. ಅವಳು ನಡೆಯುವವರೆಗೆ ಕಾದ.

"ಅತ್ತೆ ಕೇಳ್ತಾರೆ," ಎಂದಳು ಮನೆ ಕಂಡಾಗ. "ಹೂಂ ಅಂದೆಯಾ ಅಂತ."

"ಏನಂತೀರಿ?"

"ಹೂಂ ಅಂದೆ ಅಂತೀನಿ." ಸೀಟಿನ ಮೇಲಿಂದ ಅವಳು ಕೈ ತೆಗೆಯಲಿಲ್ಲ. "ನಾಳೆ ನನ್ನ ಅಳತೆಯ ಹೆಲ್ಮೆಟ್ ತನ್ನಿ. ಎರವಲು ತರಬೇಡಿ."