ತಣ್ಣಗಿನ ಬ್ಯಾಟರಿ

ಚಾರ್ಜಿಗೆ ಹಾಕಿದ ಬ್ಯಾಟರಿ ಬಿಸಿಯಾಗಬೇಕು. ಹಳಿಯಾಳದಲ್ಲಿ ಇಷ್ಟು ವರ್ಷ ರಿಪೇರಿ ಅಂಗಡಿ ನಡೆಸಿದ ನನಗೆ ಅಷ್ಟು ಗೊತ್ತು. 2008ರ ಬೇಸಿಗೆಯಲ್ಲಿ ತೇರಗಾಂವದ ಹೊಳೆವ್ವ ತಂದ ಲ್ಯಾಪ್‌ಟಾಪಿನದು ಮಾತ್ರ ಚಾರ್ಜ್ ಆದಷ್ಟೂ ತಣ್ಣಗಾಗುತ್ತಿತ್ತು.

ಅದನ್ನು ಅವರ ಗಂಡ ಉಳವಪ್ಪ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅವರು ತೀರಿಕೊಂಡು ತಿಂಗಳಾಗಿತ್ತು. ಈಗ ಮಗಳು ಅದರಲ್ಲಿ ಓದಿಕೊಳ್ಳುತ್ತಿದ್ದಳು.

“ಚಾರ್ಜ್ ಫುಲ್ ಇದ್ರೂ ದಿನಾ ಸಂಜಿಮುಂದ ಬಂದ್ ಆಗ್ತೈತ್ರಿ,” ಎಂದರು ಹೊಳೆವ್ವ. “ನಮ್ಮ ಯಜಮಾನ್ರು ಪೂಜಾಕ್ಕ ಕುಂದ್ರತಿದ್ದ ಹೊತ್ತಿಗೆ.”

“ಒಳಗ ಸೆಲ್ ಸತ್ತಿರಬೇಕ್ರಿ ಅಕ್ಕಾರ. ಬಿಚ್ಚಿ ನೋಡೂಣು.”

ಬ್ಯಾಟರಿ ಹೊರತೆಗೆದೆ. ಕೊಡದ ನೀರಿನಷ್ಟು ತಂಪಾಗಿತ್ತು. ಅಂಚು ಕಂಪನಿಯವರು ಅಂಟಿಸಿದ ಹಾಗೆಯೇ ಇತ್ತು, ಯಾರೂ ಬಿಚ್ಚಿದ ಗುರುತಿರಲಿಲ್ಲ. ಚಾಕು ಹಾಕಿ ಸೀಳಿದಾಗ ಹಸಿ ಮಣ್ಣಿನ ವಾಸನೆ ಬಂತು. ಒಳಗೆ ಒಂದೂ ಸೆಲ್ ಇರಲಿಲ್ಲ. ಸವೆದ ವಿಭೂತಿ ಗಟ್ಟಿಯ ತುಂಡೊಂದಿತ್ತು. ಅದರ ನಡುವೆ ಮೂರು ಬೆರಳು ಉಜ್ಜಿ ಉಜ್ಜಿ ಬಿದ್ದ ತಗ್ಗು.

ಹೊಳೆವ್ವ ಗೋಡೆಗೆ ಆತು ನಿಂತರು.

“ಇದು ಅವ್ರದರೀ. ಅವ್ರನ್ನ ಹೂಳೂ ಮುಂದ ನಾನ ಕುಣಿಯಾಗ ಅವ್ರ ಮಗ್ಗಲಕ್ಕ ಇಟ್ಟಿದ್ದೆ.”

ನಾನು ಚಾಕುವಿನ ತುದಿಯಿಂದ ಗಟ್ಟಿಯನ್ನು ಬೆಳಕಿನ ಕಡೆ ಸರಿಸಿದೆ. ಹೊರಗೆ ಸಂಜೆಯಾಗುತ್ತಿತ್ತು. ವಿಭೂತಿ ಹಚ್ಚಿಕೊಳ್ಳುವವರು ಬೆರಳು ನೀರಿಗದ್ದಿ ಗಟ್ಟಿಯ ಮೇಲೆ ಎಳೆಯುತ್ತಾರಲ್ಲ, ಆ ತಗ್ಗಿನಲ್ಲಿ ಈಗಷ್ಟೇ ಎಳೆದಂಥ ಮೂರು ಒದ್ದೆ ಗೆರೆಗಳಿದ್ದವು.

ನಾನಾಗಲಿ ಹೊಳೆವ್ವ ಆಗಲಿ ಅದನ್ನು ಇನ್ನೂ ಮುಟ್ಟಿರಲಿಲ್ಲ.