ಶುದ್ಧ ರಕ್ತದ ಹನಿ

ಗಾಜಿನ ಫಲಕದ ಮೇಲೆ ಒಂದು ಹನಿ ರಕ್ತ ಬಿತ್ತು. ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹನಿಯ ಅಂಚಿನಿಂದ ನೀಲಿ ಬೆಳಕು ಒಳಕ್ಕೆ ಹರಿಯಿತು, ಯಾರೋ ಮೆಲ್ಲಗೆ ಕಣ್ಣು ತೆರೆದ ಹಾಗೆ.

“ಮತ್ತ ಹಂಗ ಬಂತೇನ್ರಿ?” ಎಂದಳು ದ್ಯಾಮವ್ವ. ಧಾರವಾಡದ ಆ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಗಾಜಿನ ಸಾಮಾನು ತೊಳೆಯುವವಳು ಅವಳು.

“ಹೋದ ಸಲಕ್ಕಿಂತ ಜೋರಾಗೇದ,” ಎಂದರು ಡಾ. ಮೃಣಾಲಿನಿ ದೇಸಾಯಿ. “ಈ ತಳೀನೂ ಕೆಟ್ಟದ. ಬ್ಲೀಚ್ ಹಾಕಿ ಚೆಲ್ಲಿಬಿಡ್ರಿ.”

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸು ಜೀವಕೋಶದೊಳಗೆ ಅಡಗಿ ಕೂತು ತನ್ನದೇ ಪ್ರೋಟೀನು ತಯಾರಿಸುತ್ತದೆ. ಅದೊಂದನ್ನೇ ಗುರುತು ಹಿಡಿದು ಅಂಟಿಕೊಂಡು ಬೆಳಗುವ, ಒಂದೇ ಕೋಶದ ಸಂತತಿಯಿಂದ ಬರುವ ಏಕಮೂಲ ಪ್ರತಿಕಾಯವನ್ನು ಡಾಕ್ಟರು ಬೆಳೆಸುತ್ತಿದ್ದರು. ಇಲಿಯ ರೋಗನಿರೋಧಕ ಕೋಶವನ್ನು ಸಾವೇ ಇಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರೆ ಆ ಪ್ರತಿಕಾಯ ತಯಾರಿಸುವ ಕೋಶಗಳ ತಳಿ ಹುಟ್ಟುತ್ತದೆ. ರೋಗಿಯ ರಕ್ತಕ್ಕೆ ಅದು ಬೆಳಗಬೇಕು, ಆರೋಗ್ಯವಂತರ ರಕ್ತಕ್ಕೆ ಕತ್ತಲಾಗಿಯೇ ಇರಬೇಕು.

ಹೀಗಾಗಿ ಪ್ರತಿ ಸೋಮವಾರ ಮೊದಲು ‘ಶುದ್ಧ’ ರಕ್ತ ಹಾಕಿ ನೋಡುವುದು ಅಲ್ಲಿನ ರೂಢಿ. ಆ ರಕ್ತ ದ್ಯಾಮವ್ವನದು. ಆರು ವರ್ಷದ ಹಿಂದೆ ಎಲ್ಲ ಪರೀಕ್ಷೆ ಮಾಡಿ ಅವಳನ್ನು ಆರಿಸಿದ್ದರು. ಆಮೇಲೆ ಯಾರೂ ಮತ್ತೆ ನೋಡಿರಲಿಲ್ಲ. ಅವಳಿಗೂ ಅದು ಹೆಮ್ಮೆಯ ವಿಷಯ. ಈ ನಾಲ್ಕು ತಿಂಗಳಲ್ಲಿ ನಾಲ್ಕು ತಳಿಗಳು ಅವಳ ರಕ್ತಕ್ಕೆ ಬೆಳಗಿ, ಅವಳ ಕೈಯಿಂದಲೇ ಸತ್ತಿದ್ದವು.

ತಿಂಗಳಿಡೀ ಸಾಕಿದ್ದನ್ನು ಚೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಆದರೂ ಸೀಸೆಯ ಅರ್ಧ ದ್ರವವನ್ನು ತೊಟ್ಟಿಗೆ ಸುರಿದಳು. ಬೆಳಿಗ್ಗೆ ಒಡೆದ ಗಾಜು ಕೈಗವಸನ್ನೂ ಬೆರಳನ್ನೂ ಕೊಯ್ದಿತ್ತು. ಬೆರಳು ದ್ರವಕ್ಕೆ ತಾಗಿತು. ಸ್ವಲ್ಪ ಹೊತ್ತಿಗೆ ಬೆರಳಿನ ಸುತ್ತ ನೀಲಿ ಹಬ್ಬಿತು. ಕೈಯನ್ನು ಆಚೆ ಸರಿಸಿದಳು. ಬೆಳಕು ಕೈ ಹಿಂದೆಯೇ ಬಂತು.

ದ್ಯಾಮವ್ವ ಬ್ಲೀಚ್ ಸುರಿಯದೆ ಅದರ ಮುಚ್ಚಳ ಮತ್ತೆ ಬಿಗಿದು ಒಳಗೆ ಹೋದಳು.

“ಮೇಡಮ್ಮಾರ, ನಿಮ್ಮದೊಂದು ಹನಿ ಹಾಕ್ರಿ.”

“ನಂದ್ಯಾಕ?”

“ಹಾಕ್ರಲ್ಲ. ನನ್ನ ರಕ್ತ ಏನ್ ಬಂಗಾರದ್ದ?”

ಹಾಕಿದರು. ಮೂರು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಫಲಕ ಕತ್ತಲಾಗಿಯೇ ಇತ್ತು. ಡಾಕ್ಟರು ಕುರ್ಚಿ ಹುಡುಕಿಕೊಂಡು ಕೂತರು.

“ಹಂಗಾರ ಅದು ಕೆಟ್ಟಿಲ್ಲ,” ಎಂದಳು ದ್ಯಾಮವ್ವ, ಸೆರಗಿಗೆ ಬೆರಳು ಒರೆಸುತ್ತ. “ನಾಕು ತಿಂಗಳಿಂದ ಹೇಳಾಕತ್ತಿತ್ತು. ನಾನ ಅದರ ಬಾಯಿ ಮುಚ್ಚಿಸೀನಿ.”

“ನೀವಲ್ಲ, ದ್ಯಾಮವ್ವ,” ಎಂದರು ಡಾಕ್ಟರು. “ನಾನು.”

ಪರೀಕ್ಷೆಯಲ್ಲಿ ದ್ಯಾಮವ್ವನ ಗರ್ಭಕಂಠದಲ್ಲಿ ಸಿಕ್ಕ ಗಂಟು ಇನ್ನೂ ಅವರೆಕಾಳಿನಷ್ಟಿತ್ತು. ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಎರಡು ತಿಂಗಳ ನಂತರ ಅವಳು ಕೆಲಸಕ್ಕೆ ಮರಳಿದಾಗ, ಅವತ್ತು ಉಳಿದ ಐದನೆಯ ತಳಿ ಸೀಸೆಯಲ್ಲಿ ದಟ್ಟವಾಗಿ ಬೆಳೆದಿತ್ತು. ಆದರೆ ಪ್ರಯೋಗ ನಿಂತುಹೋಗಿತ್ತು. ‘ಶುದ್ಧ’ ಎಂಬ ಚೀಟಿ ಖಾಲಿ ನಳಿಕೆಗೆ ಅಂಟಿಕೊಂಡಿತ್ತು. ರಕ್ತ ಕೊಡಬೇಕಾದ ಸೋಮವಾರ ಬಂದರೆ ಅಲ್ಲಿನ ಒಂಬತ್ತು ಹೆಂಗಸರಿಗೂ ಬೇರೆ ಕೋಣೆಯಲ್ಲಿ ಕೆಲಸವಿರುತ್ತಿತ್ತು.

“ನೀವ ಕೊಡಬಹುದಿತ್ತಲ್ರಿ?”

“ಆವತ್ತು ನನ್ನ ಹನಿ ಕತ್ತಲಿತ್ತು, ದ್ಯಾಮವ್ವ,” ಎಂದರು ಡಾಕ್ಟರು. ಸೂಜಿ ಅವರ ಕೈಯಲ್ಲೇ ಇತ್ತು. “ಇವತ್ತಿಂದು ಯಾರಿಗೆ ಗೊತ್ತು.”

ದ್ಯಾಮವ್ವ ಸೂಜಿ ತೆಗೆದುಕೊಂಡು ಅವರ ಬೆರಳು ಹಿಡಿದಳು. ಬೆರಳು ತಣ್ಣಗಿತ್ತು.

“ಆ ಕಡೆ ನೋಡ್ರಿ. ಇದನ್ನ ನಾ ನೋಡತೀನಿ.”

ಹನಿ ಬಿತ್ತು. ಡಾಕ್ಟರು ಗೋಡೆಯತ್ತ ತಿರುಗಿದರು. ದ್ಯಾಮವ್ವ ಅವರ ಬೆರಳು ಬಿಡದೆ, ಹನಿಯ ಅಂಚನ್ನೇ ನೋಡುತ್ತ ನಿಂತಳು.