ಹಿಂದುಮುಂದಾದ ಇನ್ನೂರು ಕಾರ್ಡುಗಳು

ಮಂಗಳವಾರ ಮಧ್ಯಾಹ್ನ 2.00ಕ್ಕೆ ನಿವೃತ್ತ ಇಂಗ್ಲಿಷ್ ಟೀಚರ್ ತಮ್ಮ ಮನೆಯ ಪಾಠದ ಕೋಣೆಗೆ ಬೀಗ ಹಾಕಿ ಕಣ್ಣಾಸ್ಪತ್ರೆಗೆ ಹೊರಟರು. 5.40ಕ್ಕೆ ಹಿಂತಿರುಗಿ ಬೀಗ ತೆಗೆದರು. 6.15ಕ್ಕೆ ಠಾಣೆಯಲ್ಲಿ ದೂರು ಕೊಟ್ಟರು. 6.50ಕ್ಕೆ ಎಫ್‌ಐಆರ್ ದಾಖಲಾಯಿತು.

ಕಳುವಾದದ್ದು ಆರು ರಟ್ಟಿನ ಪೆಟ್ಟಿಗೆಗಳಲ್ಲಿ ಐದು, ಅವುಗಳಲ್ಲಿ ಸಾವಿರ ಕಾರ್ಡುಗಳು. ಒಂದೊಂದು ಕಾರ್ಡಿನಲ್ಲೂ, ನೋಡಲು ಅವಳಿಗಳಂತಿದ್ದು ಅರ್ಥದಲ್ಲಿ ದೂರವಾದ ಎರಡು ಇಂಗ್ಲಿಷ್ ಪದಗಳು. ಕೆಳಗೆ ಕನ್ನಡದಲ್ಲಿ ವಿವರಣೆ, ಉದಾಹರಣೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೂವತ್ತೊಂದು ವರ್ಷ ಪಾಠ ಹೇಳುತ್ತಾ ಕೂಡಿಸಿದ್ದು. ಗುರುವಾರ ಬೆಳಿಗ್ಗೆ ಅವು ಪುಸ್ತಕವಾಗಲು ಪ್ರೆಸ್ಸಿಗೆ ಹೋಗಬೇಕಿತ್ತು.

"ಬೇರೆ ಪ್ರತಿ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ಮತ್ತೆ ಬರೆಯೋಕಾಗಲ್ವಾ?"

"ಕೈ ಇದೆ, ಕಣ್ಣಿಲ್ಲ ಸಾಹೇಬ್ರೆ. ಡಾಕ್ಟ್ರು ಇವತ್ತು ಅದನ್ನೇ ಹೇಳಿ ಕಳಿಸಿದ್ರು."

"ಯಾರ ಮೇಲಾದ್ರೂ ಅನುಮಾನ?"

"ಹಿಂದಿನ ಬೀದಿ ಟ್ಯುಟೋರಿಯಲ್ ಮಾಲೀಕ. ಗೈಡ್ ಮಾಡ್ತೀನಿ ಅಂತ ಎರಡು ಸಲ ಕೇಳಿದ್ದ. ಕೊಡ್ಲಿಲ್ಲ."

"ಇನ್ನೊಂದು ಬೀಗದ ಕೈ ಎಲ್ಲಿರುತ್ತೆ?"

"ಹೂಕುಂಡದ ಕೆಳಗೆ."

"ಅದು ಯಾರ್ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳಿ, ಬೇಗ ಮುಗಿಯುತ್ತೆ."

7.30ಕ್ಕೆ ಇಬ್ಬರು ನೆರೆಯವರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಒಂದನೆಯ ಪೆಟ್ಟಿಗೆ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಭೌತಶಾಸ್ತ್ರದಲ್ಲಿ ಪದವಿ ಪಡೆದು ಪೊಲೀಸ್ ಸೇರಿದ್ದ ಮಹಿಳಾ ಪೇದೆ ಅದರ ಕಾರ್ಡುಗಳನ್ನು ಒಂದೊಂದಾಗಿ ಎಣಿಸಿದಳು. ಇನ್ನೂರೂ ಇದ್ದವು. ಆದರೆ ಮೇಲಿದ್ದದ್ದು ಇನ್ನೂರನೆಯದು, ತಳದಲ್ಲಿದ್ದದ್ದು ಒಂದನೆಯದು.

"ಬೀಳಿಸಿ ಎತ್ತಿಟ್ಟಿರ್ತಾನೆ, ಬರ್ಕೊಳಮ್ಮ," ಎಂದರು ಹೆಡ್ ಕಾನ್‌ಸ್ಟೆಬಲ್.

"ಬಿದ್ದಿದ್ರೆ ಕಲಸಿ ಹೋಗ್ಬೇಕಿತ್ತಲ್ಲ ಸರ್. ಒಂದೂ ಆಚೀಚೆ ಆಗಿಲ್ಲ."

"ಹಾಗಾದ್ರೆ ಅದನ್ನೂ ಬರ್ಕೋ. ನೀನು ಬಿಡೋಳಲ್ಲ."

ಬುಧವಾರ 8.45ಕ್ಕೆ ಟ್ಯುಟೋರಿಯಲ್ ಮಾಲೀಕನ ವಿಚಾರಣೆ.

"ನಿನ್ನೆ ಎರಡರಿಂದ ಐದೂವರೆವರೆಗೆ ಎಲ್ಲಿದ್ರಿ?"

"ಕ್ಲಾಸಲ್ಲಿ. ಹಾಜರಿ ಪುಸ್ತಕದಲ್ಲಿ ನಲವತ್ತೆರಡು ಸಹಿ ಇದೆ, ನೋಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಆಸೆ ಇತ್ತು, ಒಪ್ಕೋತೀನಿ. ಆದ್ರೆ ನಾನೂ ಅವರ ಶಿಷ್ಯನೇ ಸ್ವಾಮಿ. ಇವತ್ತಿಗೂ ಅವರೆದುರು ಕೈಕಟ್ಟೇ ನಿಲ್ಲೋದು."

ಸಹಿಗಳು ನಿಜವಾಗಿದ್ದವು. ಅವನನ್ನು ಕಳುಹಿಸಲಾಯಿತು.

10.30ಕ್ಕೆ ಪೇದೆ ಠಾಣೆಯಲ್ಲೇ ಒಂದು ಪ್ರಯೋಗ ಮಾಡಿದಳು. ವಶಪಡಿಸಿಕೊಂಡ ಪೆಟ್ಟಿಗೆಯಿಂದ ಇಪ್ಪತ್ತು ಕಾರ್ಡು ತೆಗೆದುಕೊಂಡು, ಒಂದೊಂದನ್ನೂ ಗಮನವಿಟ್ಟು ಓದಿ ಪಕ್ಕಕ್ಕೆ ಒಂದರ ಮೇಲೊಂದು ಇಟ್ಟಳು. ಮುಗಿದಾಗ ಕಟ್ಟು ಹಿಂದುಮುಂದಾಗಿತ್ತು. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

"ಸರ್, ಇನ್ನೂರು ಕಾರ್ಡಿಗೆ ಇನ್ನೂರು ನಿಮಿಷ. ಟೀಚರ್ ಮನೇಲಿ ಇರದೇ ಇದ್ದದ್ದು ಇನ್ನೂರಿಪ್ಪತ್ತು ನಿಮಿಷ. ಕಳ್ಳ ಅಲ್ಲೇ ಕೂತು ಒಂದು ಪೆಟ್ಟಿಗೆ ಪೂರ್ತಿ ಓದಿದ್ದಾನೆ. ಓದಿದ್ದನ್ನ ಬಿಟ್ಟು, ಓದದೇ ಇರೋದನ್ನ ಒಯ್ದಿದ್ದಾನೆ. ಮಾರೋನಾಗಿದ್ರೆ ಆರನ್ನೂ ಒಯ್ಯುತ್ತಿದ್ದ."

"ಮುಂದೆ?" ಎಂದರು ಇನ್ಸ್‌ಪೆಕ್ಟರ್. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಅವರ ಬಾಯಿಂದ ಆ ಒಂದು ಮಾತು ಬಂದರೆ ಠಾಣೆಯಲ್ಲಿ ಅದೇ ಪದಕ.

"ಕಾರ್ಡನ್ನ ಈಚೆಗೆ ಯಾರು ನೋಡಿದ್ದಾರೆ ಅಂತ ಕೇಳ್ಬೇಕು ಸರ್."

ಟೀಚರಿಗೆ ಫೋನ್ ಮಾಡಲಾಯಿತು.

"ಯಾರೂ ನೋಡಿಲ್ಲಮ್ಮ. ಮಾದರಿ ಪುಟಕ್ಕೆ ಅಂತ ನಾಲ್ಕು ಕಾರ್ಡು ಪ್ರೆಸ್ಸಿಗೆ ಕೊಟ್ಟಿದ್ದೆ, ಅಷ್ಟೆ. ನನ್ನ ಮೈದುನ ಅಲ್ಲೇ ಪ್ರೂಫ್ ನೋಡೋದು. ಅವನೇ ತಗೊಂಡು ಹೋಗಿ ವಾಪಸ್ ತಂದ."

"ನಿನ್ನೆ ನೀವು ಆಸ್ಪತ್ರೆಗೆ ಹೋಗೋದು ಅವರಿಗೆ ಗೊತ್ತಿತ್ತಾ?"

"ಚೀಟಿ ಮಾಡಿಸಿದ್ದೇ ಅವನು." ಅಷ್ಟು ಹೇಳಿ ಟೀಚರ್ ಫೋನ್ ಇಟ್ಟರು.

11.40ಕ್ಕೆ ಪ್ರೆಸ್ಸಿನ ಮಾಲೀಕರು ಹೇಳಿದರು: "ಹದಿನೆಂಟು ವರ್ಷದಲ್ಲಿ ಅವನು ಪೂರ್ತಿ ರಜೆ ಅಂತ ಹಾಕಿದ್ದು ನಿನ್ನೆ, ಇವತ್ತು. ತನ್ನ ಮದುವೆಗೇ ಅರ್ಧ ದಿನ ಹಾಕಿದ್ದ ಮಹಾನುಭಾವ!"

12.20ಕ್ಕೆ ಮೈದುನನ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಐದೂ ಪೆಟ್ಟಿಗೆಗಳು. ನಿದ್ದೆಯಿಲ್ಲದೆ ಕೆಂಪಾದ ಕಣ್ಣುಗಳಿಂದ ಅವನು ಎದ್ದು ನಿಂತ. ತಪ್ಪಿಸಿಕೊಳ್ಳಲಿಲ್ಲ, ವಾದಿಸಲಿಲ್ಲ.

"ಅರವತ್ತು ಕಾರ್ಡು ಉಳಿದಿದೆ ಸರ್. ಮುಗಿಸಿ ಬರ್ಲಾ?"

"ಎಷ್ಟು ಹೊತ್ತು?"

"ಒಂದು ಗಂಟೆ."

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. ಬಂಧನದ ವೇಳೆ 1.25 ಎಂದು ದಾಖಲಾಗಿದೆ.

ಅವನ ಹೇಳಿಕೆ ಚಿಕ್ಕದು. ಮಾದರಿಗೆ ಬಂದ ಕಾರ್ಡೊಂದರಲ್ಲಿ 'ಪ್ರಿಸ್‌ಕ್ರೈಬ್' ಎಂಬುದಕ್ಕೆ 'ನಿಷೇಧಿಸು' ಎಂದೂ 'ಪ್ರೋಸ್‌ಕ್ರೈಬ್' ಎಂಬುದಕ್ಕೆ 'ಔಷಧಿ ಬರೆದುಕೊಡು' ಎಂದೂ ಅದಲುಬದಲಾಗಿತ್ತು. ಅದನ್ನು ಕಲಿಯುವವರು ನಾಳೆ ವಾರ್ಡಿನಲ್ಲಿ ರೋಗಿಗಳ ಪಕ್ಕ ನಿಲ್ಲುವವರು. ಕೈಬರಹದ ಪ್ರತಿಯಲ್ಲಿದ್ದದ್ದೇ ಅಚ್ಚಿನ ಪುಟದಲ್ಲಿರಬೇಕು ಎಂಬುದು ಪ್ರೆಸ್ಸಿನ ನಿಯಮ. ಪ್ರೂಫ್ ನೋಡುವವನು ಅರ್ಥ ಬದಲಿಸುವಂತಿಲ್ಲ. ಆದ್ದರಿಂದ ಪ್ರತಿಯನ್ನೇ ಸರಿಪಡಿಸಲು ಹೊರಟ. ಒಂದನೆಯ ಪೆಟ್ಟಿಗೆಯನ್ನು ಅಲ್ಲೇ ಓದಿ ಮುಗಿಸಿದ, ತಪ್ಪು ಒಂದೂ ಇರಲಿಲ್ಲ. ಮುಂದಿನ ಮೂರರಲ್ಲೂ ಇರಲಿಲ್ಲ. ಕೊನೆಯ ಎರಡರಲ್ಲಿ, ಅಂದರೆ ಕಣ್ಣು ಮಸುಕಾದ ಮೇಲೆ ಬರೆದವುಗಳಲ್ಲಿ, ನಲವತ್ತೇಳು. ಆ ನಲವತ್ತೇಳನ್ನೂ ಅತ್ತಿಗೆಯ ಅಕ್ಷರದಲ್ಲೇ, ಅವರದೇ ಓರೆ ಬರಹದಲ್ಲಿ, ಹೊಸದಾಗಿ ಬರೆದಿದ್ದ. ಬುಧವಾರ ಸಂಜೆ ಎಲ್ಲವನ್ನೂ ಸದ್ದಿಲ್ಲದೆ ವಾಪಸ್ ಇಡುವುದಿತ್ತು. ಅಷ್ಟರೊಳಗೆ ದೂರು ಹೋಗುತ್ತದೆಂದು ಎಣಿಸಿರಲಿಲ್ಲ.

3.00ಕ್ಕೆ ಟೀಚರ್ ಠಾಣೆಗೆ ಬಂದರು.

"ಬಾಯಿರಲಿಲ್ವೇನೋ ನಿಂಗೆ? ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಪುಸ್ತಕಾನೇ ಬೇಡ ಅಂತಿದ್ರಿ ಅತ್ತಿಗೆ."

ಅವರು ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸಿ ಬಿಡಿಸಿದರು. ಬಳಿಕ ಪೇದೆಯ ಕಡೆ ತಿರುಗಿ, "ಓದಮ್ಮ. ಮೊದಲನೇದರಿಂದ. ನಿಧಾನಕ್ಕೆ," ಎಂದರು.

ಮೈದುನ ಹೊಸದಾಗಿ ಬರೆದ ನಲವತ್ತೇಳನ್ನೂ ಅವಳು ಓದಿದಳು. ಪ್ರತಿ ಕಾರ್ಡಿಗೂ ಅವರು ಕಣ್ಣು ಮುಚ್ಚಿ ಕೇಳಿ, ಯೋಚಿಸಿ, "ಹೂಂ, ಮುಂದೆ" ಎಂದರು. ಮೈದುನ ಗೋಡೆಗೆ ಒರಗದೆ ನಿಂತೇ ಇದ್ದ. ಕೊನೆಯದು ಮುಗಿದಾಗ ಅವರು ಕೇಳಿದ್ದು ಒಂದೇ: "ಸಾಹೇಬ್ರೆ, ನಾಳೆ ಬೆಳಿಗ್ಗೆ ಇದೆಲ್ಲ ಪ್ರೆಸ್ಸಿಗೆ ಹೋಗಬಹುದಾ?"

"ಕೋರ್ಟು ತೆರೆದ ತಕ್ಷಣ ಕಾರ್ಡುಗಳನ್ನ ಬಿಡಿಸಿಕೊಡ್ತೀನಿ."

ಸಂಜೆ 5.10ಕ್ಕೆ ಇನ್ಸ್‌ಪೆಕ್ಟರ್ ವರದಿಯಲ್ಲಿ ಬರೆದರು: ಸ್ವಂತ ಲಾಭದ ಉದ್ದೇಶ ಕಂಡುಬಂದಿಲ್ಲ. ಆರೋಪಿಯು ಬದಲಿಸಿದ ನಲವತ್ತೇಳು ಕಾರ್ಡುಗಳನ್ನು ದೂರುದಾರರ ಸಮ್ಮುಖದಲ್ಲಿ ಪರಿಶೀಲಿಸಲಾಗಿ, ನಲವತ್ತೇಳೂ ಸರಿಯಿರುವುದು ಕಂಡುಬಂದಿದೆ.